ಟ್ಯಾಪೆಟ್ ಹೊಂದಿಸಿದರೂ ಮರಳಿ ಬರುವ ಟಿಕ್ ಟಿಕ್ ಸದ್ದು: ಎಂಜಿನ್ ಬಿಚ್ಚುವ ಮೊದಲು ಸವೆತ ಎಲ್ಲಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ: ದೇವಿಮನೆ ಸವಾರ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ, 150 ಸಿಸಿಯ ಫೋರ್‌ಸ್ಟ್ರೋಕ್ ಬೈಕು. ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲ್ತಲೆಯಲ್ಲಿ, ವಾಲ್ವುಗಳನ್ನು ತೆರೆಸುವ ಒಂದು ಕ್ಯಾಮ್‌ಶಾಫ್ಟ್, ಎರಡು ವಾಲ್ವು, ಪ್ರತಿ ವಾಲ್ವಿಗೂ ಸ್ಕ್ರೂ ಮತ್ತು ಲಾಕ್‌ನಟ್ಟಿನಿಂದ ಹೊಂದಿಸುವ ಟ್ಯಾಪೆಟ್ಟು ಇವೆ. ಮೀಟರು 62,000 ಕಿಲೋಮೀಟರು ದಾಟಿದೆ. ಕೆಲಸದ ನಿಮಿತ್ತ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟವನ್ನು ಇಳಿದು ಹತ್ತಬೇಕಾಗಿರುವುದರಿಂದ, ನಡುದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ನನಗೆ ಬೇರೆ ಉಪಾಯವಿಲ್ಲ.

ಕಳೆದ ಮಳೆಗಾಲದ ಕೊನೆಯಿಂದ ಎಂಜಿನ್ನಿನ ಮೇಲ್ಭಾಗದಲ್ಲಿ ಸ್ಪಷ್ಟವಾದ ಟಿಕ್ ಟಿಕ್ ಸದ್ದು ಕೇಳಿಸುತ್ತಿದೆ. ಐಡಲಿನಲ್ಲಿ ಇದು ಚೆನ್ನಾಗಿ ಕೇಳುತ್ತದೆ. ರೇಸ್ ಕೊಟ್ಟರೆ ಅದೇ ಲಯದಲ್ಲಿ ವೇಗವಾಗುತ್ತದೆ. ಎಂಜಿನ್ ಕಾದ ಮೇಲೂ ನಿಲ್ಲುವುದಿಲ್ಲ. ಟ್ಯಾಪೆಟ್ಟನ್ನು ಕೈಪಿಡಿಯಲ್ಲಿರುವಂತೆ ಇನ್‌ಲೆಟ್ಟಿಗೆ 0.05 ಮಿ.ಮೀ., ಎಕ್ಸಾಸ್ಟಿಗೆ 0.10 ಮಿ.ಮೀ. ಹೊಂದಿಸಿದಾಗ ಸದ್ದು ಬಹಳಮಟ್ಟಿಗೆ ತಗ್ಗುತ್ತದೆ, ಆದರೆ ಕೆಲವು ನೂರು ಕಿಲೋಮೀಟರು ಓಡುವಷ್ಟರಲ್ಲಿ ಮರಳಿ ಬರುತ್ತದೆ. ಹೊಗೆ ಇಲ್ಲ, ಮೈಲೇಜು ಇಳಿದಿಲ್ಲ, ಘಟ್ಟದಲ್ಲಿ ಎಳೆತವೂ ಮೊದಲಿನಂತೆಯೇ ಇದೆ. ಸದ್ದು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಕ್ಲಚ್ ಪ್ಲೇಟು ಬದಲಾಯಿಸಲು ಬಲಗಡೆಯ ಕವರು ಬಿಚ್ಚಿಸಿದ್ದೆ ಎಂಬುದನ್ನು ಬಿಟ್ಟರೆ ಬೇರೆ ದೊಡ್ಡ ಕೆಲಸ ಯಾವುದೂ ಆಗಿಲ್ಲ.

ಗ್ಯಾರೇಜುಗಳಲ್ಲಿ ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರು ಪಿಸ್ಟನ್ ಸಡಿಲವಾಗಿದೆ, ಬ್ಲಾಕ್ ಬೋರಿಂಗ್ (ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಿಸುವುದು) ಮಾಡಿಸಲೇಬೇಕು ಎಂದರು. ಇನ್ನೊಬ್ಬರು ಟೈಮಿಂಗ್ ಚೈನ್ ಕಿಟ್ ಹಾಕಿಸಿ ಎಂದರು. ಮತ್ತೊಬ್ಬರು ದಪ್ಪನೆಯ 20ಡಬ್ಲ್ಯು-50 ಆಯಿಲ್ ಸುರಿದರೆ ಸದ್ದು ತಾನಾಗಿಯೇ ಅಡಗುತ್ತದೆ ಎಂದರು. ಇವರಲ್ಲಿ ಯಾರೂ ಅಳತೆ ಹಿಡಿದು ನೋಡಲಿಲ್ಲ. ಹಣ ಖರ್ಚು ಮಾಡಲು ನಾನು ಹಿಂಜರಿಯುವುದಿಲ್ಲ, ಆದರೆ ಯಾವ ಭಾಗ ಸವೆದಿದೆ ಎಂಬುದು ಗೊತ್ತಾದ ಮೇಲೆ ಖರ್ಚು ಮಾಡಬೇಕೆಂಬುದು ನನ್ನ ಇಚ್ಛೆ. ಹೆಡ್ಡನ್ನು ಬಿಚ್ಚುವ ಮೊದಲೇ ಇದನ್ನು ಎಷ್ಟರಮಟ್ಟಿಗೆ ಕಂಡುಕೊಳ್ಳಬಹುದು ಎಂದು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಯಂತ್ರಪಾಠ, ಹಾಸನ

ನಮಸ್ಕಾರ. ನಿಮ್ಮ ವಿವರಣೆಯಲ್ಲಿ ಅತ್ಯಂತ ಮುಖ್ಯವಾದ ಮಾತು ಸದ್ದಿನ ಬಗ್ಗೆ ಅಲ್ಲ, ಹೊಂದಿಸಿದ ಗ್ಯಾಪು ನಿಲ್ಲುತ್ತಿಲ್ಲ ಎಂಬುದರ ಬಗ್ಗೆ ಇದೆ. ವಾಲ್ವು ಮತ್ತು ಅದರ ಸೀಟು ಸವೆದಾಗ ವಾಲ್ವಿನ ಕಾಂಡ ರಾಕರಿನ (ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ತೋಳು) ಕಡೆಗೆ ಏರಿ ಬರುವುದರಿಂದ ಟ್ಯಾಪೆಟ್ ಗ್ಯಾಪು, ಅಂದರೆ ಸ್ಕ್ರೂವಿನ ತುದಿಗೂ ಕಾಂಡಕ್ಕೂ ನಡುವಿನ ಸಂದು, ಕಡಿಮೆಯಾಗುತ್ತಾ ಹೋಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಕ್ಯಾಮ್, ರಾಕರ್ ಆರ್ಮ್, ರಾಕರಿನ ಶಾಫ್ಟು ಅಥವಾ ಟ್ಯಾಪೆಟ್ ಸ್ಕ್ರೂವಿನ ತುದಿ ಸವೆದಾಗ ಗ್ಯಾಪು ಹೆಚ್ಚುತ್ತದೆ, ಸದ್ದು ಬೆಳೆಯುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಇವೆರಡೂ ಎಷ್ಟು ನಿಧಾನವಾಗಿ ನಡೆಯುತ್ತವೆಂದರೆ ಸಾವಿರಾರು ಕಿಲೋಮೀಟರಿನವರೆಗೆ ಸೆಟ್ಟಿಂಗು ಹಾಗೆಯೇ ಉಳಿಯಬೇಕು. ಕೆಲವು ನೂರು ಕಿಲೋಮೀಟರಿನಲ್ಲಿ ಗ್ಯಾಪು ತೆರೆದುಕೊಳ್ಳುತ್ತಿದ್ದರೆ ಲಾಕ್‌ನಟ್ಟು ಸಡಿಲವಾಗುತ್ತಿದೆ, ಇಲ್ಲವೇ ಯಾವುದೋ ಗಟ್ಟಿ ಪದರ ಒಡೆದು ಒಳಗಿನ ಮೆತ್ತನೆಯ ಲೋಹ ತೇಯುತ್ತಿದೆ. ಆದ್ದರಿಂದ ಮುಂದಿನ ಸಲ ಗ್ಯಾಪನ್ನು ಸರಿಪಡಿಸುವ ಮುನ್ನ ಅದು ಈಗ ಎಷ್ಟಿದೆ ಎಂದು ಅಳೆದು, ಮೀಟರಿನ ಅಂಕಿಯೊಂದಿಗೆ ಬರೆದಿಟ್ಟುಕೊಳ್ಳಿ. ಗ್ಯಾರೇಜುಗಳಲ್ಲಿ ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ಹಳೆಯ ಗ್ಯಾಪು ಎಷ್ಟಿತ್ತು ಎಂಬ ಮಾಹಿತಿ ಸ್ಕ್ರೂ ತಿರುಗಿಸಿದ ಕ್ಷಣದಲ್ಲೇ ಕಳೆದುಹೋಗುತ್ತದೆ.

ಅಳತೆ ನಂಬುವಂತಿರಬೇಕಾದರೆ ಎಂಜಿನ್ ಪೂರ್ತಿ ತಣ್ಣಗಿರಬೇಕು; ರಾತ್ರಿಯಿಡೀ ನಿಂತ ಬೈಕನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡುವುದು ಉತ್ತಮ. ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ಟಿನ ಮೇಲಿರುವ, ಪಿಸ್ಟನ್ ತುತ್ತತುದಿಯಲ್ಲಿದೆ ಎಂದು ತೋರಿಸುವ "ಟಿ" ಗುರುತು ಕೇಸಿನ ಗುರುತಿಗೆ ಸರಿಯಾಗಿ ನಿಂತಾಗ ಎರಡೂ ರಾಕರುಗಳು ಬೆರಳಿಗೆ ಸ್ವಲ್ಪ ಅಲುಗಾಡಬೇಕು. ಅಲುಗಾಡದಿದ್ದರೆ ನೀವು ಕಂಪ್ರೆಷನ್ ಸ್ಟ್ರೋಕಿನ ಬದಲು ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿದ್ದೀರಿ ಎಂದು ತಿಳಿದು ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಬಹಳ ಓಡಿದ ಬೈಕಿನಲ್ಲಿ ಟ್ಯಾಪೆಟ್ ಸ್ಕ್ರೂವಿನ ತುದಿಯಲ್ಲಿ ವಾಲ್ವಿನ ಕಾಂಡ ಬಡಿದು ಬಡಿದು ಸಣ್ಣ ಗುಳಿ ಬಿದ್ದಿರುತ್ತದೆ. ಸಂದು ಅಳೆಯುವ ಫೀಲರ್ ಗೇಜಿನ ಚಪ್ಪಟೆ ಅಲಗು ಆ ಗುಳಿಯ ಅಂಚುಗಳ ಮೇಲೆ ಕೂರುವುದರಿಂದ 0.05 ಎಂದು ತೋರಿದ ಗ್ಯಾಪು ನಿಜದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಅಳತೆ ಸರಿ ಇದ್ದೂ ಸದ್ದು ಉಳಿಯುವುದಕ್ಕೆ ಇದೊಂದು ಸಾಮಾನ್ಯ ಕಾರಣ, ಮತ್ತು ಸ್ಕ್ರೂ ಬದಲಾಯಿಸಿದರೆ ಮುಗಿಯುವ ಕೆಲಸ.

ಈಗ ಸದ್ದಿನ ಮೂಲ ಹುಡುಕುವ ವಿಚಾರ. ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡಲ್ 1,400 ಆರ್‌ಪಿಎಂ ಇದ್ದರೆ ಕ್ರ್ಯಾಂಕು ಸೆಕೆಂಡಿಗೆ ಸುಮಾರು 23 ಸುತ್ತು, ಕ್ಯಾಮು ಸುಮಾರು 12 ಸುತ್ತು ತಿರುಗುತ್ತವೆ. ಇದನ್ನು ಕಿವಿಯಿಂದ ಎಣಿಸಲಾಗದು, ಆದರೆ ಹೋಲಿಸಲು ಸೈಲೆನ್ಸರಿನ ಬಡಿತವಿದೆ. ಅದೂ ಎರಡು ಸುತ್ತಿಗೆ ಒಂದು ಸಲ ಬರುತ್ತದೆ. ಸೈಲೆನ್ಸರಿನ ಒಂದು ಬಡಿತಕ್ಕೆ ಒಂದು ಟಿಕ್ ಬರುತ್ತಿದ್ದರೆ ಅನುಮಾನ ಕ್ಯಾಮಿನ ಕಡೆಗೆ ಹೋಗಬೇಕು. ಒಂದು ಬಡಿತಕ್ಕೆ ಎರಡು ಟಿಕ್ ಬರುತ್ತಿದ್ದರೆ ಕ್ರ್ಯಾಂಕಿನ ಜೊತೆ ತಿರುಗುವ ಭಾಗಗಳ ಕಡೆಗೆ ಹೋಗಬೇಕು. ಇದು ಅನುಮಾನವನ್ನು ಕಿರಿದಾಗಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ, ಏಕೆಂದರೆ ಸಡಿಲವಾದ ಪಿಸ್ಟನ್ ಕೂಡ ಮುಖ್ಯವಾಗಿ ಬೆಂಕಿ ಹತ್ತುವ ಸ್ಟ್ರೋಕಿನಲ್ಲೇ ಗೋಡೆಗೆ ಬಡಿಯುತ್ತದೆ, ಮತ್ತು ಎರಡೂ ಟ್ಯಾಪೆಟ್ಟುಗಳು ಸಡಿಲವಾಗಿದ್ದರೆ ಅವು ಸೇರಿ ಎರಡು ಟಿಕ್ ಕೊಡುತ್ತವೆ.

ಆದ್ದರಿಂದ ಬೇರೆ ಪರೀಕ್ಷೆಗಳೂ ಬೇಕು. ಎಂಜಿನ್ ನಡೆಯುತ್ತಿರುವಾಗ ಕ್ಲಚ್ ಲಿವರು ಹಿಡಿದು ಬಿಡಿ. ಸದ್ದಿನ ಗುಣ ಬದಲಾದರೆ ಅದು ಕ್ಲಚ್ ಬಾಸ್ಕೆಟ್ಟಿನದು, ಹೆಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಸೈಲೆನ್ಸರು ಹೆಡ್ಡಿಗೆ ಸೇರುವ ಜಾಗಕ್ಕೆ ಸೋಪಿನ ನೀರು ಹಚ್ಚಿ. ಸ್ಟಾರ್ಟ್ ಆದೊಡನೆ ಗುಳ್ಳೆ ಎದ್ದರೆ ಅಲ್ಲಿನ ಪ್ಯಾಕಿಂಗು ಹೋಗಿದೆ. ಅಲ್ಲಿಂದ ಸೋರುವ ಗಾಳಿ ಥೇಟು ಟ್ಯಾಪೆಟ್ಟಿನ ಹಾಗೆಯೇ ಟಿಕ್ ಎನ್ನುತ್ತದೆ, ಎಂಜಿನ್ ಕಾದಾಗ ಲೋಹ ಹಿಗ್ಗಿ ಸ್ವಲ್ಪ ಅಡಗುತ್ತದೆ. ಸ್ಪಾರ್ಕ್ ಪ್ಲಗ್ಗು ಸರಿಯಾಗಿ ಬಿಗಿಯಾಗದಿದ್ದರೂ ಇದೇ ಬಗೆಯ ಸದ್ದು ಬರುತ್ತದೆ, ಆಗ ಪ್ಲಗ್ಗಿನ ಬುಡದಲ್ಲಿ ಕಪ್ಪು ಕಲೆ ಕಾಣುತ್ತದೆ. ಟೈಮಿಂಗ್ ಚೈನು ಸಡಿಲವಾಗಿದ್ದರೆ ಸದ್ದು ಟಿಕ್ ಎನ್ನುವುದಕ್ಕಿಂತ ಜರಜರ ಎನ್ನುವಂತಿರುತ್ತದೆ, ಅದರಲ್ಲೂ ರೇಸ್ ಬಿಟ್ಟು ವೇಗ ಇಳಿಯುವಾಗ ಎದ್ದು ಕೇಳುತ್ತದೆ. ಪಿಸ್ಟನ್ ಗೋಡೆಗೆ ಬಡಿಯುವ ಸದ್ದು ತಣ್ಣಗಿದ್ದಾಗ ಜೋರಾಗಿದ್ದು, ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗಿದಂತೆ ತಗ್ಗುತ್ತದೆ. ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗು ಹೋಗಿದ್ದರೆ ಸದ್ದು ತೆಳುವಾಗಿರದೆ ಟೊಕ್ ಟೊಕ್ ಎಂದು ಆಳದಿಂದ ಬರುತ್ತದೆ, ಘಟ್ಟ ಹತ್ತುವಾಗ ಭಾರ ಬಿದ್ದೊಡನೆ ಹೆಚ್ಚುತ್ತದೆ. ಆ ಸದ್ದು ಕೇಳಿಸಿದರೆ ಮಾತ್ರ ಬೈಕನ್ನು ಅಲ್ಲಿಯೇ ನಿಲ್ಲಿಸಿ, ಮುಂದಕ್ಕೆ ಓಡಿಸಲೇಬೇಡಿ.

ಕೊನೆಯದಾಗಿ, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಅದರ ತುದಿಯನ್ನು ಇನ್‌ಲೆಟ್ ಟ್ಯಾಪೆಟ್ ಮುಚ್ಚಳ, ಎಕ್ಸಾಸ್ಟ್ ಟ್ಯಾಪೆಟ್ ಮುಚ್ಚಳ, ಚೈನ್ ಇರುವ ಬದಿ, ಬ್ಲಾಕಿನ ನಡುಭಾಗ ಮತ್ತು ಕ್ರ್ಯಾಂಕ್ ಕೇಸಿನ ಮೇಲೆ ಒಂದೊಂದಾಗಿ ಇಟ್ಟು ಕೇಳಿ. ಲೋಹದಲ್ಲಿ ಸದ್ದು ಎಲ್ಲ ಕಡೆಗೂ ಹರಿಯುತ್ತದೆ, ಹೀಗಾಗಿ ಎಲ್ಲಿ ಕೇಳಿಸುತ್ತದೆ ಎಂಬುದಕ್ಕಿಂತ ಎಲ್ಲಿ ಎಲ್ಲಕ್ಕಿಂತ ಚುರುಕಾಗಿ ಕೇಳಿಸುತ್ತದೆ ಎಂಬುದನ್ನು ಗಮನಿಸಬೇಕು. ತಿರುಗುವ ಭಾಗಗಳಿಂದಲೂ ಬಿಸಿ ಸೈಲೆನ್ಸರಿನಿಂದಲೂ ದೂರವಿದ್ದು ಇದನ್ನು ಮಾಡಿ.

ಉತ್ತರ 2: ಹಳೇ ಸವಾರ, ಮೈಸೂರು

ಮೇಲಿನ ವಿವರಣೆಯನ್ನು ಗೌರವದಿಂದಲೇ ಓದಿದೆ, ಆದರೂ ಒಂದು ಮಾತಿನಲ್ಲಿ ನನ್ನ ಅಭಿಪ್ರಾಯ ಬೇರೆ. ಸ್ಕ್ರೂ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ಸ್ವಲ್ಪ ಟಿಕ್ ಸದ್ದು ಇರಲೇಬೇಕು. ಸದ್ದೇ ಇಲ್ಲದ ಟ್ಯಾಪೆಟ್ಟು ಬಿಗಿಯಾದ ಟ್ಯಾಪೆಟ್ಟು. ಎಕ್ಸಾಸ್ಟ್ ವಾಲ್ವು ತನ್ನ ಶಾಖದ ಬಹುಪಾಲನ್ನು ಸೀಟಿಗೆ ತಾಗಿ ಕೂತಾಗಲೇ ಬಿಟ್ಟುಕೊಡುವುದರಿಂದ, ಗ್ಯಾಪು ಇಲ್ಲದೆ ಅದು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಸುಟ್ಟುಹೋಗುತ್ತದೆ. ಸದ್ದು ಅಡಗಿಸುವ ಹಟದಿಂದ ಗ್ಯಾಪನ್ನು ಕೈಪಿಡಿಗಿಂತ ಕಡಿಮೆ ಮಾಡಿ ವಾಲ್ವು ಸುಟ್ಟ ಬೈಕುಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಳೆತ ಸರಿಯಿದೆ, ಹೊಗೆ ಇಲ್ಲ ಎಂದ ಮೇಲೆ ಎಂಜಿನ್ನನ್ನು ಬಿಚ್ಚದೆ ಇನ್ನೂ ಸ್ವಲ್ಪ ಕಾಲ ಓಡಿಸುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ನಮ್ಮೂರಿನಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿಗಳ ಮೇಲೆ ಕೆಲಸ ಕಲಿತ ಮೆಕ್ಯಾನಿಕ್ಕುಗಳು ಈಗಲೂ ಇದ್ದಾರೆ. ಆ ಟೂಸ್ಟ್ರೋಕ್ ಎಂಜಿನ್ನಿನಲ್ಲಿ ಕ್ಯಾಮು, ವಾಲ್ವು, ಟ್ಯಾಪೆಟ್ಟು ಯಾವುದೂ ಇಲ್ಲದ ಕಾರಣ ಮೇಲ್ಭಾಗದಲ್ಲಿ ಟಿಕ್ ಎಂದರೆ ಪಿಸ್ಟನ್, ರಿಂಗು ಅಥವಾ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನು ಎಂದೇ ಅರ್ಥ. ನಿಮಗೆ ಬೋರಿಂಗ್ ಮಾಡಿಸಿ ಎಂದವರು ಆ ಅಭ್ಯಾಸದಿಂದ ಹೇಳಿರಲೂಬಹುದು. ಫೋರ್‌ಸ್ಟ್ರೋಕಿಗೆ ಆ ಲೆಕ್ಕ ಹೊಂದುವುದಿಲ್ಲ.

ಉತ್ತರ 3: ಆಯಿಲ್ ದಾರಿ, ದಾವಣಗೆರೆ

ಬಿಗಿಯಾದ ಟ್ಯಾಪೆಟ್ಟಿನ ಬಗ್ಗೆ ಮೈಸೂರಿನ ಹಿರಿಯರು ಹೇಳಿದ್ದು ಅಕ್ಷರಶಃ ನಿಜ. ಆದರೆ ಗ್ಯಾಪು ನಿಲ್ಲದಿರುವಾಗ ಓಡಿಸುತ್ತಲೇ ಇರಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಕ್ಯಾಮಿನಿಂದ ತೇಯ್ದ ಲೋಹ ಎಲ್ಲಿಗೂ ಮಾಯವಾಗುವುದಿಲ್ಲ. ಅದು ಆಯಿಲಿನೊಂದಿಗೆ ಕೆಳಗಿಳಿದು, ಕ್ರ್ಯಾಂಕಿನ ಬೇರಿಂಗು, ಗೇರು, ಪಂಪು ಎಲ್ಲವನ್ನೂ ಸುತ್ತಿ ಬರುತ್ತದೆ. ನೂರು ಸಿಸಿಯ ಅನೇಕ ಬೈಕುಗಳಲ್ಲಿ ಕಾಗದದ ಫಿಲ್ಟರು ಇರುವುದೇ ಇಲ್ಲ, ತಂತಿಯ ಜರಡಿ ಮತ್ತು ಕ್ರ್ಯಾಂಕಿನ ತುದಿಯಲ್ಲಿ ತಿರುಗುತ್ತಾ ಕೊಳೆಯನ್ನು ಗೋಡೆಗೆ ಎಸೆಯುವ ಬಟ್ಟಲಿನಂಥ ಫಿಲ್ಟರು ಮಾತ್ರ ಇರುತ್ತವೆ. ನಿಮ್ಮ ಬೈಕಿನಲ್ಲಿ ಯಾವುದಿದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೆಡ್ಡಿನಲ್ಲಿ ಮುಗಿಯಬಹುದಾದ ಖರ್ಚನ್ನು ಕ್ರ್ಯಾಂಕಿನವರೆಗೆ ಇಳಿಸುವುದು ಈ ಲೋಹದ ಪುಡಿಯೇ.

ನಾನಾಗಿದ್ದರೆ ಮೊದಲು ಆಯಿಲ್ ಇಳಿಸಿ ನೋಡುತ್ತೇನೆ. ಎಂಜಿನ್ ಬೆಚ್ಚಗಿರುವಾಗ ಶುಭ್ರವಾದ ಬಿಳಿ ಪಾತ್ರೆಗೆ ಆಯಿಲ್ ಇಳಿಸಿ, ಒಂದು ಗಂಟೆ ಅಲುಗಾಡಿಸದೆ ಬಿಟ್ಟು, ಮೇಲಿನದನ್ನು ನಿಧಾನವಾಗಿ ಬಗ್ಗಿಸಿ ತಳದಲ್ಲಿ ಉಳಿದದ್ದನ್ನು ಬಿಸಿಲಿಗೆ ಹಿಡಿದು ನೋಡಿ. ನುಣ್ಣನೆಯ ಬೂದು ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಅದು ಕಬ್ಬಿಣ ಅಥವಾ ಉಕ್ಕು; ಕ್ಯಾಮು, ರಾಕರು, ಗೇರು, ರಿಂಗುಗಳಿಂದ ಬಂದಿರಬಹುದು, ಸ್ವಲ್ಪ ಮಟ್ಟಿಗೆ ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ. ಬೆರಳಿಗೆ ಚುಚ್ಚುವಷ್ಟು ದಪ್ಪ ಚೂರುಗಳಿದ್ದರೆ ಗೇರಿನ ಹಲ್ಲು ಅಥವಾ ಬೇರಿಂಗು ಒಡೆದಿರುವ ಸೂಚನೆ. ಹೊಳೆಯುವ, ಆದರೆ ಅಯಸ್ಕಾಂತಕ್ಕೆ ಅಂಟದ ಪುಡಿ ಅಲ್ಯೂಮಿನಿಯಂ. ಅದು ಪಿಸ್ಟನ್ನಿನಿಂದಲೋ ಕ್ಯಾಮ್ ನೇರವಾಗಿ ತಿರುಗುವ ಹೆಡ್ಡಿನ ಗೂಡಿನಿಂದಲೋ ಬಂದಿರುತ್ತದೆ. ಕಪ್ಪು ಪ್ಲಾಸ್ಟಿಕ್ ಅಥವಾ ರಬ್ಬರಿನ ಚೂರು ಸಿಕ್ಕರೆ ಟೈಮಿಂಗ್ ಚೈನಿನ ಗೈಡು ತಿಂದುಹೋಗುತ್ತಿದೆ.

ನಿಮ್ಮ ಪ್ರಶ್ನೆಯಲ್ಲಿ ಕ್ಲಚ್ ಕವರು ಬಿಚ್ಚಿದ ನಂತರ ಸದ್ದು ಶುರುವಾಯಿತು ಎಂಬ ವಾಕ್ಯ ನನ್ನ ಗಮನ ಸೆಳೆಯಿತು. ಕವರನ್ನು ಮರಳಿ ಕೂರಿಸುವಾಗ ಹೊಸ ಪ್ಯಾಕಿಂಗ್ ಹಾಕುವ ಬದಲು ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಹಚ್ಚುವ ರೂಢಿ ಬಹಳ ಕಡೆ ಇದೆ. ಬೋಲ್ಟು ಬಿಗಿಯುವಾಗ ಆ ಪೇಸ್ಟು ಹೊರಗೆ ಕಾಣುವಷ್ಟೇ ಒಳಗೂ ಉಬ್ಬಿ ಬರುತ್ತದೆ, ಒಣಗಿ ತುಂಡಾಗಿ ಆಯಿಲಿಗೆ ಬೀಳುತ್ತದೆ, ಜರಡಿಯನ್ನು ಕಟ್ಟುತ್ತದೆ. ಅನೇಕ ಎಂಜಿನ್ನುಗಳಲ್ಲಿ ಕ್ರ್ಯಾಂಕಿಗೂ ಹೆಡ್ಡಿಗೂ ಹೋಗುವ ಆಯಿಲ್ ದಾರಿ ಅದೇ ಕವರಿನ ಮೂಲಕ ಹಾದುಹೋಗುತ್ತದೆ. ಪಂಪಿನಿಂದ ಅತ್ಯಂತ ದೂರದಲ್ಲಿರುವ ಕ್ಯಾಮೇ ಆಗ ಮೊದಲು ಒಣಗುತ್ತದೆ. ಪೂರ್ತಿ ಕಟ್ಟಿಕೊಂಡರೆ ಎಂಜಿನ್ ಬೇಗನೆ ಹಿಡಿದುಕೊಳ್ಳುತ್ತದೆ; ಅರ್ಧ ಕಟ್ಟಿಕೊಂಡರೆ ನಿಮ್ಮದರ ಹಾಗೆ ನಿಧಾನವಾಗಿ ತೇಯುತ್ತದೆ. ಜರಡಿಯನ್ನು ಹೊರಗೆ ತೆಗೆದು ನೋಡದೆ ಮುಂದಿನ ಯಾವ ಖರ್ಚಿಗೂ ಕೈಹಾಕಬೇಡಿ.

ದಪ್ಪ ಆಯಿಲಿನ ಸಲಹೆಯ ಬಗ್ಗೆಯೂ ಹೇಳಬೇಕು. ಕೈಪಿಡಿ 10ಡಬ್ಲ್ಯು-30 ಎಂದಿರುವ ಎಂಜಿನ್ನಿಗೆ 20ಡಬ್ಲ್ಯು-50 ಹಾಕಿದರೆ ಸವೆದ ಭಾಗಗಳ ನಡುವೆ ದಪ್ಪ ಪದರ ನಿಂತು ಸದ್ದು ಮಂಕಾಗುತ್ತದೆ ನಿಜ. ಆದರೆ ಮಲೆನಾಡಿನ ಚಳಿಯ ಬೆಳಿಗ್ಗೆ ಅದೇ ಆಯಿಲ್ ಕ್ಯಾಮಿನವರೆಗೆ ಏರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಮತ್ತು ಈಗಾಗಲೇ ಕಿರಿದಾದ ದಾರಿಯಲ್ಲಿ ಇನ್ನೂ ಕಷ್ಟದಿಂದ ಹರಿಯುತ್ತದೆ. ಸದ್ದು ನಿಂತು ಸವೆತ ಮುಂದುವರಿದರೆ ನಿಮಗೆ ಎಚ್ಚರಿಕೆ ಕೊಡುವುದು ಏನೂ ಉಳಿಯುವುದಿಲ್ಲ. ಕೈಪಿಡಿ ಹೇಳಿದ ದಪ್ಪದ, ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಹೊಂದುವ ಜಾಸೊ (ಜಪಾನಿನ ವಾಹನ ಗುಣಮಟ್ಟ) ಎಂಎ ಅಥವಾ ಎಂಎ2 ದರ್ಜೆಯ ಆಯಿಲನ್ನೇ ಬಳಸಿ.

ಮರುಬರಹ: ದೇವಿಮನೆ ಸವಾರ, ಶಿರಸಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದ ಪರೀಕ್ಷೆಗಳನ್ನು ಪರಿಚಯದ ಮೆಕ್ಯಾನಿಕ್ ಒಬ್ಬರ ಜೊತೆ ಕೂತು ಮಾಡಿದ್ದೇನೆ, ಫಲಿತಾಂಶಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಲಚ್ ಲಿವರು ಹಿಡಿದರೆ ಸದ್ದು ಬದಲಾಗುವುದಿಲ್ಲ. ಸೈಲೆನ್ಸರಿನ ಬುಡದಲ್ಲಿ ಗುಳ್ಳೆ ಏಳಲಿಲ್ಲ, ಪ್ಲಗ್ಗಿನ ಬುಡ ಶುಭ್ರವಾಗಿದೆ. ಸೈಲೆನ್ಸರಿನ ಒಂದು ಬಡಿತಕ್ಕೆ ಒಂದೇ ಟಿಕ್ ಬರುತ್ತಿದೆ, ಸ್ಕ್ರೂಡ್ರೈವರಿನಿಂದ ಕೇಳಿದಾಗ ಇನ್‌ಲೆಟ್ ಮುಚ್ಚಳದ ಮೇಲೆ ಎಲ್ಲಕ್ಕಿಂತ ಚುರುಕಾಗಿದೆ. ತಣ್ಣಗಿದ್ದಾಗ ಅಳೆದರೆ ಎಕ್ಸಾಸ್ಟಿನ ಗ್ಯಾಪು 0.10 ಇದ್ದದ್ದು ಹಾಗೆಯೇ ಇದೆ, ಇನ್‌ಲೆಟ್ಟಿನದು 0.05 ರಿಂದ 0.18ಕ್ಕೆ ಹೋಗಿದೆ. ಲಾಕ್‌ನಟ್ಟು ಬಿಗಿಯಾಗಿಯೇ ಇತ್ತು, ಸ್ಕ್ರೂವಿನ ತುದಿಯಲ್ಲಿ ಹೇಳಿಕೊಳ್ಳುವಂಥ ಗುಳಿಯಿಲ್ಲ.

ಆಯಿಲಿನ ತಳದಲ್ಲಿ ಅಯಸ್ಕಾಂತಕ್ಕೆ ಅಂಟುವ ನುಣ್ಣನೆಯ ಬೂದು ಪುಡಿ ಸಾಕಷ್ಟಿತ್ತು, ದಪ್ಪ ಚೂರುಗಳಿರಲಿಲ್ಲ, ಅಂಟದ ಹೊಳೆಯುವ ಪುಡಿಯೂ ಕಾಣಲಿಲ್ಲ. ದಾವಣಗೆರೆಯವರು ಊಹಿಸಿದ ಹಾಗೆ ಜರಡಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಪ್ಪು ಸಿಲಿಕಾನ್ ಪೇಸ್ಟಿನ ಎಳೆಗಳು ಮುಚ್ಚಿದ್ದವು. ಟ್ಯಾಪೆಟ್ ಮುಚ್ಚಳ ತೆಗೆದು ಐಡಲಿನಲ್ಲಿ ನೋಡಿದಾಗ ರಾಕರುಗಳ ಮೇಲೆ ಆಯಿಲ್ ಬರುತ್ತಿತ್ತು, ಆದರೆ ಬಹಳ ತಡವಾಗಿ, ಒಸರುವಷ್ಟು ಮಾತ್ರ.

ಜೊತೆಗೆ ಕಂಪ್ರೆಷನ್ ಗೇಜು ಸಿಕ್ಕಿದ್ದರಿಂದ ಎಂಜಿನ್ ಕಾದ ಮೇಲೆ ಆಕ್ಸಿಲರೇಟರು ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆದು ನೋಡಿದೆವು. ಪ್ರತಿ ಚದರ ಸೆಂಟಿಮೀಟರಿಗೆ 10.5 ಕೆ.ಜಿ. ಬಂತು, ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 11ಕ್ಕೆ ಏರಿತು. ಹೆಡ್ಡು ಬಿಚ್ಚುವುದು ಅನಿವಾರ್ಯ ಎಂದು ಈಗ ನನಗೂ ಅನಿಸುತ್ತಿದೆ. ಬಿಚ್ಚಿದ ಮೇಲೆ ಏನನ್ನು ಅಳೆಯಬೇಕು, ಬ್ಲಾಕಿಗೂ ಕೈಹಾಕಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 4: ಬೋರ್ ಗೇಜ್, ಹುಬ್ಬಳ್ಳಿ

ನಾನು ಲೇತ್ ಕೆಲಸದವನು. ಬ್ಲಾಕ್ ಬೋರಿಂಗ್, ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸುವುದು) ಮಾಡುವುದೇ ನನ್ನ ಉದ್ಯೋಗ. ಹಾಗಿದ್ದೂ ನಿಮ್ಮ ಅಂಕಿಗಳನ್ನು ನೋಡಿದರೆ ಬ್ಲಾಕ್ ಬೋರಿಂಗ್ ಮಾಡಿಸಬೇಡಿ ಎಂದೇ ಹೇಳುತ್ತೇನೆ. ಆಯಿಲ್ ಬಿಟ್ಟಾಗ ಕಂಪ್ರೆಷನ್ ಎರಡು ಮೂರು ಕೆ.ಜಿ. ಏರಿದ್ದರೆ ರಿಂಗು ಮತ್ತು ಬೋರು ಸವೆದಿವೆ ಎನ್ನಬಹುದಿತ್ತು, ಏಕೆಂದರೆ ಆ ಆಯಿಲ್ ರಿಂಗುಗಳ ಸುತ್ತ ಸಂದು ಮುಚ್ಚುತ್ತದೆ. ಅರ್ಧ ಕೆ.ಜಿ. ಏರುವುದು ಚೆನ್ನಾಗಿರುವ ಎಂಜಿನ್ನಿನಲ್ಲೂ ಸಹಜ. ಹೊಗೆಯಿಲ್ಲ, ಅಲ್ಯೂಮಿನಿಯಂ ಪುಡಿಯಿಲ್ಲ, ಒಂದೇ ವಾಲ್ವಿನ ಗ್ಯಾಪು ತೆರೆದಿದೆ, ಸ್ಕ್ರೂ ಸರಿಯಾಗಿದೆ: ಇನ್‌ಲೆಟ್ಟಿನ ಕ್ಯಾಮ್ ಉಬ್ಬು ಅಥವಾ ಅದರ ರಾಕರಿನ ಮುಖ ತೇಯುತ್ತಿದೆ ಎಂಬುದಕ್ಕೆ ಇಷ್ಟು ಸಾಕು.

ಕ್ಯಾಮನ್ನು ಹೊರತೆಗೆದ ಮೇಲೆ ಕಣ್ಣಿಗಿಂತ ಮೊದಲು ಉಗುರನ್ನು ನಂಬಿ. ಉಬ್ಬಿನ ತುದಿಯ ಮೇಲೆ ಉಗುರು ಎಳೆದಾಗ ತಡೆದರೆ, ಅಥವಾ ರಾಕರಿನ ಉಜ್ಜುವ ಮುಖದಲ್ಲಿ ಸಣ್ಣ ಸಣ್ಣ ಹೊಂಡಗಳು ಕಂಡರೆ ಗಟ್ಟಿ ಪದರ ಹೋಗಿದೆ. ಆ ಪದರ ಬಹಳ ತೆಳು. ಅದರ ಕೆಳಗಿನ ಲೋಹಕ್ಕೆ ಆ ಒತ್ತಡ ತಾಳುವ ಶಕ್ತಿಯಿಲ್ಲ, ಅದಕ್ಕಾಗಿಯೇ ಇಷ್ಟು ಬೇಗ ಗ್ಯಾಪು ತೆರೆಯುತ್ತಿದೆ. ಪಾಲಿಶ್ ಕಾಗದದಿಂದ ಉಜ್ಜಿ ನುಣುಪು ಮಾಡಿ ಹಾಕುತ್ತೇವೆ ಎನ್ನುವವರಿಗೆ ಒಪ್ಪಬೇಡಿ. ಮೈಕ್ರೋಮೀಟರಿನಿಂದ ಉಬ್ಬಿನ ಎತ್ತರ ಅಳೆದು ಕೈಪಿಡಿಯ ಕನಿಷ್ಠ ಮಿತಿಗೆ ಹೋಲಿಸಿ. ರಾಕರನ್ನು ಅದರ ಶಾಫ್ಟಿನ ಮೇಲೆ ಏರಿಸಿ ಮೇಲೆ ಕೆಳಗೆ ಅಲುಗಾಡಿಸಿ ನೋಡಿ, ಶಾಫ್ಟಿನಲ್ಲಿ ಮೆಟ್ಟಿಲಿನಂಥ ತೇಯ್ತ ಇದ್ದರೆ ಅದನ್ನೂ ಬದಲಾಯಿಸಬೇಕು. ಕ್ಯಾಮು ಬಾಲ್ ಬೇರಿಂಗುಗಳ ಮೇಲೆ ಕೂರುವಂತಿದ್ದರೆ ಬೇರಿಂಗ್ ಬದಲಾಯಿಸಿದರೆ ಸಾಕು. ಹೆಡ್ಡಿನ ಅಲ್ಯೂಮಿನಿಯಂ ಗೂಡಿನಲ್ಲೇ ತಿರುಗುವಂತಿದ್ದು ಆ ಗೂಡು ಗೀರುಬಿದ್ದಿದ್ದರೆ ಹೆಡ್ಡಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಅಲ್ಯೂಮಿನಿಯಂ ಪುಡಿ ಕಂಡಿಲ್ಲವಾದ್ದರಿಂದ ಅದು ಉಳಿದಿರುತ್ತದೆಂದು ನನ್ನ ಅಂದಾಜು.

ಕ್ಯಾಮು ಹಾಳಾಗಿದ್ದರೆ ಹೊಸ ಕ್ಯಾಮಿಗೆ ಹಳೆಯ ರಾಕರನ್ನು ಎಂದಿಗೂ ಜೋಡಿಸಬೇಡಿ. ಹೊಂಡಬಿದ್ದ ರಾಕರು ಹೊಸ ಉಬ್ಬನ್ನು ಬೇಗನೆ ಕೆರೆದುಹಾಕುತ್ತದೆ. ಎಕ್ಸಾಸ್ಟ್ ರಾಕರು ನೋಡಲು ಚೆನ್ನಾಗಿದ್ದರೂ ಎರಡನ್ನೂ ಒಟ್ಟಿಗೆ ಹಾಕಿಸುವುದು ಒಳ್ಳೆಯದು.

ಹೆಡ್ಡು ಹೇಗೂ ಬಿಚ್ಚಿರುವುದರಿಂದ ಬ್ಲಾಕನ್ನು ಎತ್ತದೆಯೇ ಬೋರಿನ ಸ್ಥಿತಿ ನೋಡಬಹುದು. ಪಿಸ್ಟನ್ನನ್ನು ಕೆಳಗಿಳಿಸಿ ಗೋಡೆಯ ಮೇಲಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲೇ ಬೋರು ಎಲ್ಲಕ್ಕಿಂತ ಹೆಚ್ಚು ಸವೆಯುತ್ತದೆ, ಏಕೆಂದರೆ ಅಲ್ಲಿ ಪಿಸ್ಟನ್ ಒಂದು ಕ್ಷಣ ನಿಂತಾಗ ಆಯಿಲಿನ ಪದರ ಹರಿದಿರುತ್ತದೆ, ಬೆಂಕಿಯ ಒತ್ತಡವೂ ಆಗಲೇ ಅತಿ ಹೆಚ್ಚು. ಅಲ್ಲಿ ಮೆಟ್ಟಿಲು ತಗಲದಿದ್ದರೆ, ಹೋನಿಂಗಿನ ಓರೆಗೆರೆಗಳು ಇನ್ನೂ ಕಾಣುತ್ತಿದ್ದರೆ ಬ್ಲಾಕನ್ನು ಅಲುಗಾಡಿಸಬೇಡಿ. ಕೆಳಗಿನ ಪ್ಯಾಕಿಂಗು ಮತ್ತು ರಿಂಗುಗಳ ಕೂರುವಿಕೆ ಸುಮ್ಮನೆ ಕೆಡುತ್ತದೆ.

ಮೆಟ್ಟಿಲು ತಗಲಿ ಬ್ಲಾಕ್ ಎತ್ತಲೇಬೇಕಾಗಿ ಬಂದರೆ, ಬೋರ್ ಗೇಜ್ ಇಲ್ಲದವರಿಗೂ ಒಂದು ದಾರಿಯಿದೆ. ಒಂದು ರಿಂಗನ್ನು ಬ್ಲಾಕಿನ ಕೆಳತುದಿಯಲ್ಲಿ, ಸವೆತ ಇಲ್ಲದ ಜಾಗದಲ್ಲಿ, ಪಿಸ್ಟನ್ನಿನಿಂದ ನೂಕಿ ನೇರವಾಗಿ ಕೂರಿಸಿ ಅದರ ಬಾಯಿಯ ಗ್ಯಾಪನ್ನು ಫೀಲರಿನಿಂದ ಅಳೆಯಿರಿ. ಅದೇ ರಿಂಗನ್ನು ಮೇಲಿನ ಸವೆತದ ಜಾಗದಲ್ಲಿಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದಲ್ಲಿ ಆಗಿರುವ ಸವೆತ ಸಿಗುತ್ತದೆ. ವ್ಯತ್ಯಾಸ 0.15 ಮಿ.ಮೀ. ಬಂದರೆ ಬೋರು ಸುಮಾರು 0.05 ಮಿ.ಮೀ. ಅಗಲವಾಗಿದೆ ಎಂದರ್ಥ. ಬೋರು ಅಂಡಾಕಾರಕ್ಕೆ ತಿರುಗಿದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ, ಅದಕ್ಕೆ ಗೇಜೇ ಬೇಕು. ಕಬ್ಬಿಣದ ಸ್ಲೀವ್ ಇರುವ ಬ್ಲಾಕನ್ನು 0.25, 0.50 ಎಂದು ಓವರ್‌ಸೈಜ್ ಪಿಸ್ಟನ್ ಸಿಗುವವರೆಗೆ ಬೋರಿಂಗ್ ಮಾಡಬಹುದು. ಒಳಗೋಡೆಗೆ ನಿಕಲ್ ಲೇಪನವಿರುವ ಬ್ಲಾಕಾದರೆ ಸಾಮಾನ್ಯ ಬೋರಿಂಗಿಗೆ ಕೊಡಲೇಬೇಡಿ, ಲೇಪನ ಹೋದ ಮೇಲೆ ಅದು ಕೆಲಸಕ್ಕೆ ಬಾರದು.

ಬ್ಲಾಕ್ ಎತ್ತಿದವರು ಕನೆಕ್ಟಿಂಗ್ ರಾಡನ್ನು ಅಕ್ಕಪಕ್ಕಕ್ಕೆ ಅಲುಗಾಡಿಸಿ, ಆಡುತ್ತಿದೆ, ಕ್ರ್ಯಾಂಕ್ ಹೋಗಿದೆ ಎಂದು ಹೆದರಿಸುವುದುಂಟು. ಪಕ್ಕಕ್ಕೆ ಸ್ವಲ್ಪ ಆಟ ಇರಲೇಬೇಕು. ರಾಡನ್ನು ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಎಳೆದಾಗ ಕೈಗೆ ಆಟ ತಗಲಿದರೆ ಮಾತ್ರ ಬೇರಿಂಗ್ ಸವೆದಿದೆ.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್ ದಾರಿ. ಕ್ಲಚ್ ಕವರನ್ನು ಮತ್ತೆ ಬಿಚ್ಚಿಸಿ, ಪೇಸ್ಟನ್ನು ಪೂರ್ತಿ ಕೆರೆದು ತೆಗೆಸಿ, ಪಂಪನ್ನು ತೆರೆದು ನೋಡಿಸಿ, ಕೇಸಿನಿಂದ ಹೆಡ್ಡಿನವರೆಗಿನ ಪ್ರತಿಯೊಂದು ರಂಧ್ರವನ್ನೂ ಸೀಮೆಎಣ್ಣೆ ಬಿಟ್ಟು ಕಂಪ್ರೆಸರ್ ಗಾಳಿಯಿಂದ ಊದಿಸಿ. ಒಂದು ತುದಿಯಲ್ಲಿ ಊದಿದ ಗಾಳಿ ಇನ್ನೊಂದು ತುದಿಯಲ್ಲಿ ಧಾರಾಳವಾಗಿ ಬರುವುದನ್ನು ನೀವೇ ಕೈಯಿಟ್ಟು ನೋಡಿ. ಇದನ್ನು ಬಿಟ್ಟು ಹೊಸ ಕ್ಯಾಮ್ ಹಾಕಿದರೆ ಅದೂ ಇದೇ ಗತಿಗೆ ಬರುತ್ತದೆ. ಕವರನ್ನು ಮರಳಿ ಕೂರಿಸುವಾಗ ಹೊಸ ಕಾಗದದ ಪ್ಯಾಕಿಂಗನ್ನೇ ಹಾಕಿಸಿ.

ಮರುಬರಹ: ದೇವಿಮನೆ ಸವಾರ, ಶಿರಸಿ

ಹೆಡ್ಡು ಬಿಚ್ಚಿಸಿದೆ. ಇನ್‌ಲೆಟ್ ಉಬ್ಬಿನ ತುದಿಯಲ್ಲಿ ಉಗುರು ಸ್ಪಷ್ಟವಾಗಿ ತಡೆಯುತ್ತದೆ, ಅದರ ರಾಕರಿನ ಮುಖದ ತುಂಬ ಹೊಂಡಗಳಿವೆ, ಎಕ್ಸಾಸ್ಟಿನವು ನುಣುಪಾಗಿವೆ. ಕ್ಯಾಮು ಬಾಲ್ ಬೇರಿಂಗಿನದೇ ಆದ್ದರಿಂದ ಹೆಡ್ಡು ಉಳಿದಿದೆ. ಬೋರಿನ ಮೇಲಂಚಿನಲ್ಲಿ ಮೆಟ್ಟಿಲು ತಗಲಲಿಲ್ಲ, ಓರೆಗೆರೆಗಳೂ ಕಾಣುತ್ತಿವೆ, ಹಾಗಾಗಿ ಬ್ಲಾಕನ್ನು ಮುಟ್ಟಲಿಲ್ಲ. ಹೆಡ್ಡಿಗೆ ಏರುವ ದಾರಿಯ ಬುಡದಲ್ಲಿ, ಕವರಿನ ಒಳಗೆ, ಪೇಸ್ಟಿನ ಒಂದು ತುಂಡು ಅಡ್ಡ ನಿಂತಿತ್ತು. ಕ್ಯಾಮು, ಎರಡೂ ರಾಕರು, ಅವುಗಳ ಶಾಫ್ಟು, ಎರಡು ಬೇರಿಂಗುಗಳಿಗೆ ಹೇಳಿದ್ದೇನೆ. ಜೋಡಿಸಿದ ಮೇಲೆ ಮೊದಲ ದಿನಗಳಲ್ಲಿ ಯಾವುದರ ಮೇಲೆ ಗಮನವಿಡಬೇಕು ಎಂದು ಹೇಳಿದರೆ ಸಾಕು.

ಉತ್ತರ 5: ಯಂತ್ರಪಾಠ, ಹಾಸನ

ಜೋಡಿಸುವಾಗ ಉಬ್ಬುಗಳಿಗೂ ರಾಕರಿನ ಮುಖಕ್ಕೂ ಎಂಜಿನ್ ಆಯಿಲನ್ನು ಧಾರಾಳವಾಗಿ ಹಚ್ಚಿಸಿ, ಹೆಡ್ಡಿನ ಆಯಿಲ್ ಗುಂಡಿಯನ್ನೂ ತುಂಬಿಸಿ. ಪ್ಲಗ್ಗು ತೆಗೆದಿಟ್ಟು, ಇಗ್ನಿಷನ್ ಆಫ್ ಮಾಡಿ, ಹೆಡ್ಡಿಗೆ ಆಯಿಲ್ ಬರುವವರೆಗೆ ಕಿಕ್ ಹೊಡೆಯಿರಿ. ಆಯಿಲ್ ಕಣ್ಣಿಗೆ ಕಂಡ ಮೇಲೆಯೇ ಸ್ಟಾರ್ಟ್ ಮಾಡಿ. ಮೊದಲ ಆಯಿಲನ್ನು 300 ಕಿಲೋಮೀಟರಿನ ಆಸುಪಾಸಿನಲ್ಲಿ ಇಳಿಸಿ ಜರಡಿಯನ್ನು ಮತ್ತೆ ನೋಡಿ, ಏಕೆಂದರೆ ಕೇಸಿನ ಮೂಲೆಗಳಲ್ಲಿ ಉಳಿದ ಹಳೆಯ ಪುಡಿಯೂ ಪೇಸ್ಟಿನ ಚೂರುಗಳೂ ಆಗ ಬರುತ್ತವೆ. ಅದೇ ಹೊತ್ತಿಗೆ ಎಂಜಿನ್ ತಣ್ಣಗಿರುವಾಗ ಎರಡೂ ಗ್ಯಾಪುಗಳನ್ನು ಅಳೆದು ಬರೆದಿಡಿ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ 0.01 ಅಥವಾ 0.02 ಮಿ.ಮೀ. ಬದಲಾದರೆ ಚಿಂತಿಸಬೇಕಿಲ್ಲ. ಮುಂದಿನ 1,000 ಕಿಲೋಮೀಟರಿನಲ್ಲೂ ಇನ್‌ಲೆಟ್ ಗ್ಯಾಪು ತೆರೆಯುತ್ತಲೇ ಹೋದರೆ ಹೆಡ್ಡಿಗೆ ಆಯಿಲ್ ಇನ್ನೂ ಸಾಲುತ್ತಿಲ್ಲ ಎಂದು ತಿಳಿದು, ಘಟ್ಟಕ್ಕೆ ಒಯ್ಯುವ ಮೊದಲು ಪಂಪಿನ ಒಳಗಿನ ಸವೆತವನ್ನು ಅಳೆಯಿಸಿ.